ಸಮಾಜದ ಜಾಲತಾಣ: ಸಿದ್ಧ ಚೌಕಟ್ಟೋ, ಸ್ವಂತ ಕೋಡೋ?

ಕೊಡವ ಕೌಟುಂಬಿಕ ಹಾಕಿ ಉತ್ಸವ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳುತನದಲ್ಲಿ ಕರಡ ಗ್ರಾಮದಲ್ಲಿ ಶುರುವಾದಾಗ ಆಡಿದ್ದು 60 ಒಕ್ಕಗಳ, ಅಂದರೆ ಮನೆತನಗಳ, ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಸಿದ ಉತ್ಸವಕ್ಕೆ 360 ತಂಡಗಳು ಬಂದು ಅದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮುದ್ದಂಡ ಒಕ್ಕದವರು ಮಡಿಕೇರಿಯಲ್ಲಿ ನಡೆಸಿದ ಮುದ್ದಂಡ ಕಪ್‌ಗೆ ಬಂದದ್ದು 396 ತಂಡಗಳು. ಸೋತವರು ಹೊರಗೆ ಎಂಬ ನಾಕೌಟ್ ಲೆಕ್ಕದಲ್ಲಿ 396ರಲ್ಲಿ ಒಂದೇ ತಂಡ ಉಳಿಯಬೇಕಾದರೆ 395 ಪಂದ್ಯ ಆಗಲೇಬೇಕು. ಇಷ್ಟೂ ಪಂದ್ಯಗಳ ವೇಳಾಪಟ್ಟಿ, ಫಲಿತಾಂಶ, ಗೋಲು ಹೊಡೆದವರ ಹೆಸರು ಜನಕ್ಕೆ ಮೊಬೈಲಿನಲ್ಲೇ ಬೇಕು. ಮೈದಾನದಲ್ಲಿ ಕೂತವರಿಗೂ ಬೇಕು, ಬೆಂಗಳೂರಿನಲ್ಲೋ ದುಬೈನಲ್ಲೋ ಕೂತು ತಮ್ಮ ಒಕ್ಕ ಗೆದ್ದಿತೇ ಎಂದು ಕಾಯುವವರಿಗೂ ಬೇಕು. ಆತಿಥ್ಯ ಮಾತ್ರ ಪ್ರತಿ ವರ್ಷ ಒಂದು ಒಕ್ಕದಿಂದ ಇನ್ನೊಂದಕ್ಕೆ ದಾಟುತ್ತದೆ. ಉತ್ಸವದ ಜೀವ ಇರುವುದೇ ಹಾಗೆ ದಾಟುವುದರಲ್ಲಿ. ಜಾಲತಾಣದ ಮಟ್ಟಿಗೆ ಅದೇ ಕಷ್ಟ: ಹೊಸ ಸಮಿತಿ, ಹೊಸ ವಿಳಾಸ, ಹೊಸ ಗುತ್ತಿಗೆದಾರ, ಹೊಸ ಪಾಸ್‌ವರ್ಡ್. ವರ್ಷಕ್ಕೊಂದು ತಾಣ ಕಟ್ಟಿ ಕೈಬಿಡುತ್ತ ಹೋದರೆ ಹತ್ತು ವರ್ಷದ ಆಟದ ಲೆಕ್ಕ ಒಂದೆಡೆ ಕೂಡಿ ಬರುವ ಬಗೆಯೇ ಇಲ್ಲ.

ಕೊಡಗಿನಲ್ಲಿ ಈಗ ಸಂಘಕ್ಕೊಂದು ಜಾಲತಾಣ ಬೇಕೆಂಬ ಮಾತು ಎಲ್ಲ ಕಡೆ ಇದೆ. ಕೊಡವ ಸಮಾಜಗಳು, ಗೌಡ ಸಮಾಜಗಳು, ದೇವಸ್ಥಾನ ಸಮಿತಿಗಳು, ಬೆಳೆಗಾರರ ಸಂಘಗಳು, ಹೋಂಸ್ಟೇ ನಡೆಸುವವರು, ಒಂದೊಂದು ಒಕ್ಕದ ಕುಟುಂಬ ಸಂಘಗಳು. ಮಹಾಸಭೆಯಲ್ಲಿ ವಿಷಯ ಎದ್ದ ಮೇಲೆ ಎರಡು ಕೊಟೇಷನ್ ಬರುತ್ತವೆ. ಒಂದು, ವರ್ಡ್‌ಪ್ರೆಸ್‌ನಂಥ ಸಿದ್ಧ ಸಿಎಂಎಸ್ ಮೇಲೆ ಕೆಲವೇ ವಾರದಲ್ಲಿ ಮುಗಿಸಿಕೊಡುವುದು. ಇನ್ನೊಂದು, ‘ನಿಮಗೆ ಬೇಕಾದ ಹಾಗೆ’ ಮೊದಲ ಸಾಲಿನಿಂದ ಕೋಡ್ ಬರೆದುಕೊಡುವುದು. ಇದಕ್ಕೆ ಸಮಯವೂ ಜಾಸ್ತಿ, ಹಣವೂ ಜಾಸ್ತಿ. ಸಭೆ ಮೊತ್ತ ನೋಡಿ ತೀರ್ಮಾನಿಸುತ್ತದೆ. ಮೊತ್ತ ನೋಡಿ ತೀರ್ಮಾನಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಟ್ಟುವ ಖರ್ಚು ಒಂದು ಸಲದ್ದು, ನೋಡಿಕೊಳ್ಳುವ ಖರ್ಚು ವರ್ಷವರ್ಷದ್ದು. ಈಗಿನ ಕಾರ್ಯದರ್ಶಿ ಇಳಿದ ಮೇಲೆ ತಾಣ ನಡೆಸುವವರು ಯಾರು ಎಂಬುದು ಯಾವ ಕೊಟೇಷನ್ನಿನಲ್ಲೂ ಬರೆದಿರುವುದಿಲ್ಲ.

ಸಿಎಂಎಸ್ ಅಂದರೆ ಕೋಡ್ ಗೊತ್ತಿಲ್ಲದವರೂ ಬರಹ, ಚಿತ್ರ, ಪ್ರಕಟಣೆಗಳನ್ನು ಹಾಕಲು, ತಿದ್ದಲು, ತೆಗೆಯಲು ಅನುವಾಗುವಂತೆ ಮಾಡಿದ ತಂತ್ರಾಂಶ. ಡ್ರೂಪಲ್ ಬಂದದ್ದು 2001ರಲ್ಲಿ, ವರ್ಡ್‌ಪ್ರೆಸ್ 2003ರ ಮೇ ತಿಂಗಳಲ್ಲಿ, ಜೂಮ್ಲಾ 2005ರಲ್ಲಿ. ಮೂರೂ ಮುಕ್ತ ತಂತ್ರಾಂಶಗಳು, ಬಳಸಲು ಲೈಸೆನ್ಸ್ ಶುಲ್ಕ ಇಲ್ಲ. ಇವತ್ತು ಪ್ರಪಂಚದ ಜಾಲತಾಣಗಳಲ್ಲಿ ಶೇ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲೇ ನಡೆಯುತ್ತಿವೆ. ಸಣ್ಣ ಸಂಘಕ್ಕೆ ಈ ಸಂಖ್ಯೆಯಿಂದ ಆಗುವ ಲಾಭ ನೇರವಾದದ್ದು: ಇವತ್ತು ಕೆಲಸ ಮಾಡಿಕೊಟ್ಟವರು ನಾಳೆ ಫೋನ್ ಎತ್ತದಿದ್ದರೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಕುಶಾಲನಗರದಲ್ಲೋ ಅದೇ ಕೆಲಸ ಬಲ್ಲ ಇನ್ನೊಬ್ಬರು ಸಿಗುತ್ತಾರೆ.

ಕನ್ನಡದ ಮಟ್ಟಿಗೆ ಈ ಎರಡು ದಾರಿಗಳಿಗೂ ಹಳೆಯ ಉದಾಹರಣೆಗಳಿವೆ. ಯು.ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ತಂದಾಗ ಈಗಿನಂಥ ಸಿಎಂಎಸ್‌ಗಳು ಇರಲೇ ಇಲ್ಲ, ಕನ್ನಡ ಕಾಣಿಸಲು ಓದುಗರ ಗಣಕದಲ್ಲಿ ಫಾಂಟ್ ಇದೆಯೇ ಎಂಬ ಚಿಂತೆಯೂ ಇತ್ತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಕಟ್ಟಿದ ‘ಸಂಪದ’ ಡ್ರೂಪಲ್ ಮೇಲೆ ನಿಂತಿತು. ಯಾರು ಬೇಕಾದರೂ ಸದಸ್ಯರಾಗಿ ಕನ್ನಡದಲ್ಲಿ ಬರೆಯಬಹುದಾದ ಆ ತಾಣ, ಯೂನಿಕೋಡ್ ಇನ್ನೂ ಹೊಸತಾಗಿದ್ದ ಕಾಲದಲ್ಲಿ ಒಂದು ಪೀಳಿಗೆಯನ್ನೇ ಗಣಕದಲ್ಲಿ ಕನ್ನಡ ಬರೆಯಲು ಹಚ್ಚಿತು. ಸದಸ್ಯತ್ವ, ಬರಹ, ಪ್ರತಿಕ್ರಿಯೆ, ವಿಂಗಡಣೆ ಎಲ್ಲವೂ ಡ್ರೂಪಲ್‌ನಲ್ಲಿ ಮೊದಲೇ ಇದ್ದುದರಿಂದ ಕಟ್ಟುವವರ ಶ್ರಮ ಕೋಡ್‌ಗೆ ಹೋಗದೆ ಜನರನ್ನು ಕೂಡಿಸುವುದಕ್ಕೆ ಸಂದಿತು. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ವಚನ ಸಂಚಯ’ದ ದಾರಿ ಬೇರೆ. ಒಂದು ಪದ ಕೊಟ್ಟರೆ ಅದು ಯಾವ ವಚನಕಾರರ ಯಾವ ಯಾವ ವಚನಗಳಲ್ಲಿ ಬಂದಿದೆ ಎಂದು ತೋರಿಸುವುದು ಅದರ ಮುಖ್ಯ ಕೆಲಸ. ಅಂಥ ಪದಸೂಚಿಯ ಕೆಲಸ ಸಿದ್ಧ ಚೌಕಟ್ಟಿನಲ್ಲಿ ಕೂರುವಂಥದ್ದಲ್ಲ, ಅದಕ್ಕೆಂದೇ ಬರೆದ ತಂತ್ರಾಂಶ ಬೇಕು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಪ್ರಶ್ನೆ ಅರ್ಧ ತಿಳಿಯಾಗುತ್ತದೆ. ಜನ ಸೇರಿ ಬರೆಯುವ ಜಾಗಕ್ಕೆ ಸಿಎಂಎಸ್ ಒಪ್ಪುತ್ತದೆ. ಮಾಹಿತಿಗೆ ತನ್ನದೇ ಆದ ಒಳರಚನೆ ಇದ್ದು ಆ ರಚನೆಯೇ ತಾಣದ ಉದ್ದೇಶವಾಗಿದ್ದರೆ ಸ್ವಂತ ಕೋಡ್ ಒಪ್ಪುತ್ತದೆ.

ನೋಡಿಕೊಳ್ಳುವವರು ಬದಲಾದರೂ ತಾಣ ನಡೆಯಬೇಕೆಂಬ ಪಾಠವನ್ನು ಸರ್ಕಾರವೂ ಕಲಿತಿದೆ. ಜಿಲ್ಲಾಡಳಿತಗಳ ತಾಣಗಳಿಗಾಗಿ ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ‘ಎಸ್‌3ವಾಸ್’ ಎಂಬ ಒಂದೇ ಅಚ್ಚು ಮಾಡಿತು. ಕೊಡಗು ಜಿಲ್ಲೆಯ ತಾಣವೂ ಅದೇ ಅಚ್ಚಿನದು. ನೋಡಲು ಎಲ್ಲ ಜಿಲ್ಲೆಗಳೂ ಒಂದೇ ಥರ ಕಾಣುತ್ತವೆ ಎಂಬ ದೂರಿದೆ. ಅಧಿಕಾರಿಗಳು ಬದಲಾದರೂ, ತಾಣ ನೋಡಿಕೊಳ್ಳುವ ಸಿಬ್ಬಂದಿ ಬದಲಾದರೂ ಕೆಲಸ ನಿಲ್ಲದಿರುವುದಕ್ಕೆ ಆ ಒಂದೇ ಥರವೇ ಕಾರಣ.

ಈ ಆಯ್ಕೆಯ ಬೆಲೆ ಮಳೆಗಾಲದಲ್ಲಿ ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ಕಡಿದುಹೋದಾಗ ಕೊಡಗಿನ ಹೊರಗಿದ್ದವರಿಗೆಲ್ಲ ಬೇಕಾಗಿದ್ದು ಮೂರೋ ನಾಲ್ಕೋ ಸುದ್ದಿ. ಯಾವ ರಸ್ತೆ ತೆರೆದಿದೆ, ನಿರಾಶ್ರಿತರ ಶಿಬಿರ ಎಲ್ಲಿದೆ, ಅಲ್ಲಿಗೆ ಏನು ಕಳಿಸಬೇಕು, ಯಾರಿಗೆ ಫೋನ್ ಮಾಡಬೇಕು. ಆ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ನಿಜವೂ ಸುಳ್ಳೂ ಒಟ್ಟಿಗೇ ಹರಿದವು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಮತ್ತೆ ಕುಸಿತವಾಯಿತು. ಮಳೆಗಾಲದಲ್ಲಿ ಕೊಡಗಿಗೆ ಒಂದು ನಂಬಬಹುದಾದ ಪುಟ ಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಪುಟ ಎಂಥದಿರಬೇಕು? ಸಮಿತಿಯ ಯಾರಾದರೂ ಒಬ್ಬರು ಕರೆಂಟಿಲ್ಲದ ಮನೆಯಲ್ಲಿ, ಅರ್ಧ ಚಾರ್ಜ್ ಉಳಿದ ಫೋನಿನಿಂದ, ಕೋಡ್ ಬರೆದವರನ್ನು ಕೇಳದೆ ಎರಡು ಸಾಲು ಸುದ್ದಿ ಹಾಕಲು ಆಗಬೇಕು. ಇದು ಸಿಎಂಎಸ್‌ನ ದೊಡ್ಡ ಬಲ. ಆ ಪುಟ ಸಿಗ್ನಲ್ ಒಂದೇ ಗೆರೆ ಇರುವ ಫೋನಿನಲ್ಲೂ ತೆರೆಯಬೇಕು, ಮತ್ತು ಇಲ್ಲಿ ಸಿಎಂಎಸ್ ತಾಣಗಳು ಸಾಮಾನ್ಯವಾಗಿ ಎಡವುತ್ತವೆ. ಖರೀದಿಸಿದ ಥೀಮ್‌ನ ಜಾರುವ ಚಿತ್ರಪಟಗಳು, ಅಬ್ಬಿ ಜಲಪಾತದ ವಿಡಿಯೊ, ಹೆಚ್ಚುವರಿ ಸೌಲಭ್ಯ ಸೇರಿಸುವ ಹತ್ತಾರು ಪ್ಲಗಿನ್‌ಗಳು ಸೇರಿ ಮೊದಲ ಪುಟವೇ ಹಲವು ಎಂಬಿ ಆಗಿರುತ್ತದೆ. ಕೋವಿಡ್ ಕಾಲದಲ್ಲಿ ಶನಿವಾರಸಂತೆ ಬಳಿಯ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕ ಸತೀಶ್ ನೆಟ್‌ವರ್ಕ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಪಾಠ ಮಾಡಿದ ಜಿಲ್ಲೆ ಇದು. ಇಲ್ಲಿನ ತಾಣ ಹಗುರವಾಗಿರಬೇಕು ಎಂಬುದು ಸೌಂದರ್ಯದ ಮಾತಲ್ಲ. ಅದನ್ನು ಕೆಲಸ ಕೊಡುವಾಗಲೇ ಬರೆದುಕೊಡಬೇಕು: ಮೊದಲ ಪುಟ ಇಷ್ಟು ಕೆಬಿ ಮೀರಬಾರದು, ಚಿತ್ರ ಇಲ್ಲದೆಯೂ ಓದಲು ಬರಬೇಕು.

ಸಿದ್ಧ ಚೌಕಟ್ಟು ಕೊಡಗಿಗೆ ಎಲ್ಲಿ ಒಗ್ಗುವುದಿಲ್ಲ ಎಂಬುದನ್ನು ಹೆಸರಿನಿಂದಲೇ ನೋಡಬಹುದು. ಕೊಡವರ ಹೆಸರಿನಲ್ಲಿ ಒಕ್ಕದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಇಬ್ಬರೂ ಒಂದೇ ಒಕ್ಕದವರು. ಹೆಸರಿನ ಕೊನೆಯ ಭಾಗವೇ ಮನೆತನ ಎಂದು ನಂಬಿರುವ ಸದಸ್ಯತ್ವದ ಫಾರಂ ಒಬ್ಬರನ್ನು ‘ಕ’ ಅಡಿಯಲ್ಲೂ ಇನ್ನೊಬ್ಬರನ್ನು ‘ತ’ ಅಡಿಯಲ್ಲೂ ಇಡುತ್ತದೆ. ಕೊಡಂದೇರದವರೆಲ್ಲರ ಪಟ್ಟಿ ಕೊಡು ಎಂದರೆ ಅದಕ್ಕೆ ತಿಳಿಯುವುದಿಲ್ಲ. ಹೆಣ್ಣುಮಕ್ಕಳ ವಿಷಯ ಬಂದಾಗ ಇನ್ನೂ ತೊಡಕು. ಮದುವೆಯಾದ ಮೇಲೆ ಅವರ ಒಕ್ಕ ಬೇರೆ, ತವರಿನ ತಾಮನೆ ಬೇರೆ, ಮತ್ತು ಎರಡೂ ದಾಖಲಾಗಬೇಕು. ಅಳಿಯ ಹೆಂಡತಿಯ ಒಕ್ಕಕ್ಕೇ ಸೇರುವ ಒಕ್ಕಪರಿಜೆ, ಮಕ್ಕಳನ್ನು ತಾಯಿಯ ಒಕ್ಕಕ್ಕೆ ಸೇರಿಸುವ ಮಕ್ಕಪರಿಜೆ ಎಂಬ ಮದುವೆಯ ಕಟ್ಟಳೆಗಳು ನಮ್ಮಲ್ಲಿವೆ. ಅಂಗಡಿಯಲ್ಲಿ ಸಿಗುವ ವಂಶವೃಕ್ಷದ ಪ್ಲಗಿನ್‌ಗಳಿಗೆ ಇಂಥ ಕಟ್ಟಳೆಗಳು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಇವುಗಳಲ್ಲಿ ಒಂದನ್ನು ಎಳೆದು ಬಗ್ಗಿಸಿ ಹೊಂದಿಸುವುದಕ್ಕಿಂತ ಈ ಒಂದು ಭಾಗಕ್ಕೆ ಸ್ವಂತ ಕೋಡ್ ಬರೆಸುವುದೇ ಮರ್ಯಾದೆ. ಒಕ್ಕಗಳ ಮೂಲಮನೆಗಳಾದ ಐನ್‌ಮನೆಗಳನ್ನು ಒಂದೊಂದಾಗಿ ಹುಡುಕಿ ಹೋಗಿ ದಾಖಲಿಸಿ 2014ರಲ್ಲಿ ಪುಸ್ತಕ ಹೊರತಂದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಯ ಕೆಲಸ ನೋಡಿದವರಿಗೆ ಗೊತ್ತು, ಒಕ್ಕದ ಮಾಹಿತಿ ಬರೀ ಹೆಸರಿನ ಪಟ್ಟಿ ಅಲ್ಲ. ಐನ್‌ಮನೆ, ಹಿರಿಯರ ಗುಡಿಯಾದ ಕೈಮಡ, ಊರು, ನಾಡು, ದೇವಸ್ಥಾನದ ಹಕ್ಕು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆ ಹೆಣಿಗೆಯನ್ನು ಮೊದಲು ಕಾಗದದ ಮೇಲೆ ಬರೆದು, ಒಕ್ಕದ ಹಿರಿಯರಿಗೆ ತೋರಿಸಿ ಸರಿ ಎನ್ನಿಸಿಕೊಂಡ ಮೇಲೆ ಕೋಡ್ ಮುಟ್ಟಬೇಕು.

ಹಬ್ಬದ ದಿನಗಳ ವಿಷಯದಲ್ಲಿ ಮಾತ್ರ ಕೋಡ್‌ಗೆ ಕೆಲಸವೇ ಇಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಸುಗ್ಗಿಯ ಹಬ್ಬ ಹುತ್ತರಿಯ ದಿನ ನಿಗದಿಯಾಗುತ್ತದೆ. ನೆರೆ ಕಟ್ಟುವ, ಕದಿರು ತೆಗೆಯುವ ಮುಹೂರ್ತಗಳೂ ಅಲ್ಲೇ ಗೊತ್ತಾಗುತ್ತವೆ. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವದ ಗಳಿಗೆ ಒಂದು ವರ್ಷ ನಡುಮಧ್ಯಾಹ್ನ ಬಂದರೆ ಇನ್ನೊಂದು ವರ್ಷ ನಡುರಾತ್ರಿ. ಇವನ್ನು ಲೆಕ್ಕ ಹಾಕಿ ಹೇಳುವ ತಂತ್ರಾಂಶ ಯಾರಿಗೂ ಬೇಡ. ಹೇಳಬೇಕಾದವರು ಹೇಳಿದ್ದನ್ನು ತಪ್ಪಿಲ್ಲದೆ, ತಡವಿಲ್ಲದೆ ಹಾಕಿದರೆ ಸಾಕು. ತಡ ಹೇಗಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಇದೆ. ಹೊಸದಾಗಿ ಹಾಕಿದ ವರ್ಡ್‌ಪ್ರೆಸ್‌ನಲ್ಲಿ ಸಮಯ ವಲಯ ಗ್ರೀನಿಚ್ ಲೆಕ್ಕದಲ್ಲೇ ಉಳಿಯಬಹುದು. ಅದನ್ನು ಬದಲಿಸದೆ ಬೆಳಿಗ್ಗೆ 6ಕ್ಕೆ ತಾನಾಗಿ ಪ್ರಕಟವಾಗಲಿ ಎಂದು ಇಟ್ಟ ಸುದ್ದಿ ಭಾರತೀಯ ಕಾಲಮಾನ 11.30ಕ್ಕೆ ಕಾಣಿಸಿಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಆಯ್ಕೆ ಬದಲಿಸಿದರೆ ಸರಿಹೋಗುತ್ತದೆ, ಅದು ಗೊತ್ತಿರಬೇಕು ಅಷ್ಟೆ.

ಕನ್ನಡಕ್ಕೆ ಸಂಬಂಧಿಸಿದ ಇಂಥ ಸೂಕ್ಷ್ಮಗಳು ಬಹಳ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಪುಟದ ವಿಳಾಸ ತಯಾರಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ, ಅಂದರೆ ಒಂದು ಸಂಕೇತಕ್ಕೆ 9. ವಿಳಾಸದ ಆ ಭಾಗಕ್ಕೆ ಇರುವ ಮಿತಿ 200. ಒತ್ತಕ್ಷರ, ಗುಣಿತದ ಗುರುತುಗಳೆಲ್ಲ ಬೇರೆ ಬೇರೆ ಸಂಕೇತಗಳಾದ್ದರಿಂದ ‘ಹುತ್ತರಿ’ ಎಂಬ ಪುಟ್ಟ ಪದಕ್ಕೇ 7 ಸಂಕೇತ, 63 ಅಕ್ಷರ. ಒಟ್ಟು 22 ಸಂಕೇತಕ್ಕೆ ವಿಳಾಸ ಕತ್ತರಿಸಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದ ಸಾಲು ನೋಡಿ, ಇದೇನೋ ವೈರಸ್ ಎಂದು ಹಿರಿಯರು ಮುಟ್ಟುವುದೇ ಇಲ್ಲ. ಪ್ರತಿ ಪುಟಕ್ಕೆ ಚಿಕ್ಕ ವಿಳಾಸ ಕೈಯಿಂದ ಕೊಡುವುದು ಇದಕ್ಕೆ ಪರಿಹಾರ.

ಹುಡುಕಾಟದ್ದು ಇನ್ನೊಂದು. ‘ಐನ್‌ಮನೆ’ ಎಂದು ಅರ್ಧಾಕ್ಷರ ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಅದಿಲ್ಲದೆ ಟೈಪ್ ಮಾಡಿದರೆ ನಕಾರದ ಕೆಳಗೆ ಮಕಾರ ಒತ್ತಾಗಿ ‘ಐನ್ಮನೆ’ ಆಗುತ್ತದೆ. ಓದುವವರಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ ಆಗಬಹುದು. ಒಕ್ಕದ ಹೆಸರುಗಳಲ್ಲಂತೂ ಕಾಗುಣಿತ ಮನೆಯಿಂದ ಮನೆಗೆ ಬದಲಾಗುತ್ತದೆ. ಬೇರೆ ಬೇರೆ ಬರಹರೂಪಗಳನ್ನು ಒಂದೇ ಒಕ್ಕಕ್ಕೆ ಗಂಟು ಹಾಕಿಡುವ ಪಟ್ಟಿ ಇಲ್ಲದೆ ಕೊಡಗಿನ ಯಾವ ತಾಣದ ಹುಡುಕಾಟವೂ ನೆಟ್ಟಗೆ ನಡೆಯುವುದಿಲ್ಲ. ಸಂಘಗಳ ಹಳೆಯ ವರದಿಗಳೆಲ್ಲ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿವೆ. ಅವನ್ನು ಹಾಗೇ ತಂದು ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ ನೋಡಬೇಕು. ಇನ್ನು ಸ್ವಂತ ಕೋಡ್ ಬರೆಯುವವರು ದತ್ತಾಂಶ ಸಂಗ್ರಹದ ಅಕ್ಷರಸಂಕೇತ ಸರಿ ಹೊಂದಿಸದಿದ್ದರೆ ಹಾಕಿದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತದೆ, ಮೂಲ ಪ್ರತಿ ಬೇರೆ ಇಲ್ಲದಿದ್ದರೆ ವಾಪಸ್ ತರಲಾಗದು. ಇಂಥವನ್ನು ವರ್ಡ್‌ಪ್ರೆಸ್, ಡ್ರೂಪಲ್‌ಗಳು ಪ್ರಪಂಚದ ಎಲ್ಲ ಭಾಷೆಗಳವರಿಂದ ಪೆಟ್ಟು ತಿಂದು ತಿದ್ದಿಕೊಂಡಿವೆ. ಹೊಸ ಕೋಡ್ ಆ ಪೆಟ್ಟುಗಳನ್ನೆಲ್ಲ ನಮ್ಮ ಖರ್ಚಿನಲ್ಲಿ ಮತ್ತೆ ತಿನ್ನುತ್ತದೆ.

ಹಾಕಿಯ ಡ್ರಾ ವಿಷಯಕ್ಕೆ ಬಂದರೆ ಸ್ವಂತ ಕೋಡ್‌ಗೆ ಒಳ್ಳೆಯ ಕಾರಣ ಇದೆ. 396 ತಂಡಗಳನ್ನು ಶುದ್ಧ ನಾಕೌಟ್‌ಗೆ ಕೂರಿಸಿದರೆ ಗಣಿತದ ಪ್ರಕಾರ ಮೊದಲ ಸುತ್ತಿನಲ್ಲಿ 280 ತಂಡಗಳ ನಡುವೆ 140 ಪಂದ್ಯ, 116 ತಂಡಗಳಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತು. ಗೆದ್ದ 140, ಬೈ ಪಡೆದ 116 ಸೇರಿ 256. ಅಲ್ಲಿಂದ ಮುಂದೆ ಪ್ರತಿ ಸುತ್ತಿಗೂ ಅರ್ಧ. ಮಳೆ ಬಂದು ಒಂದು ದಿನದ ಆಟ ನಿಂತರೆ ಮುಂದಿನ ವೇಳಾಪಟ್ಟಿಯೆಲ್ಲ ಸರಿಯುತ್ತದೆ. ಇದನ್ನು ಸಿಎಂಎಸ್ ಪುಟದಲ್ಲಿ ಕೈಯಿಂದ ತಿದ್ದುತ್ತ ಕೂರುವುದು ಸ್ವಯಂಸೇವಕರಿಗೆ ಶಿಕ್ಷೆ. ತಂಡ, ಆಟಗಾರ, ಪಂದ್ಯ, ಮೈದಾನ, ಸಮಯ, ಫಲಿತಾಂಶ ಎಂಬ ಕೆಲವೇ ಕೋಷ್ಟಕಗಳ ಸಣ್ಣ ತಂತ್ರಾಂಶ ಒಂದನ್ನು ಒಮ್ಮೆ ಚೆನ್ನಾಗಿ ಬರೆಸಿ, ಅದನ್ನು ಒಕ್ಕದಿಂದ ಒಕ್ಕಕ್ಕೆ ಕಪ್‌ನ ಜೊತೆಗೇ ದಾಟಿಸುವುದು ಸಾಧ್ಯ. ಆಗ 1997ರಿಂದ ಇಲ್ಲಿವರೆಗಿನ ಫಲಿತಾಂಶಗಳನ್ನೂ ಹಳೆಯ ಪತ್ರಿಕೆಗಳಿಂದ, ಸ್ಮರಣ ಸಂಚಿಕೆಗಳಿಂದ ಹುಡುಕಿ ಅದರೊಳಗೆ ತುಂಬಬಹುದು. ಹೀಗೆ ಮಾಡಿದರೆ ಆಗುವ ಲಾಭ ಎಷ್ಟೆಂದು ಯೋಚಿಸಿದರೆ ನನಗೆ ಉತ್ಸಾಹ ತಡೆಯಲಾಗುವುದಿಲ್ಲ: ಒಂದು ಒಕ್ಕದ ಮೂರು ತಲೆಮಾರಿನ ಆಟಗಾರರ ಹೆಸರು ಒಂದೇ ಪುಟದಲ್ಲಿ ಸಿಗುತ್ತದೆ!

ಭದ್ರತೆಯ ವಿಷಯದಲ್ಲಿ ಎರಡೂ ಕಡೆಯವರು ತಮ್ಮದೇ ಸುರಕ್ಷಿತ ಎನ್ನುತ್ತಾರೆ. ವರ್ಡ್‌ಪ್ರೆಸ್ ಎಲ್ಲರಿಗೂ ಗೊತ್ತಿರುವುದರಿಂದ ಕಳ್ಳರಿಗೂ ಗೊತ್ತು, ಹೆಚ್ಚಿನ ಕನ್ನಗಳು ಬೀಳುವುದು ಅಪ್‌ಡೇಟ್ ಮಾಡದೆ ಬಿಟ್ಟ ಪ್ಲಗಿನ್‌ಗಳ ಮೂಲಕ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಒಂದು ದೊಡ್ಡ ಬಿರುಕಿಗೆ ತೇಪೆ ಬಂತು. ಅದು ಬಂದ 7 ಗಂಟೆಯೊಳಗೆ ಹಾಕಿಕೊಳ್ಳದ ತಾಣಗಳೆಲ್ಲ ಕೈಜಾರಿವೆ ಎಂದೇ ತಿಳಿಯಿರಿ ಎಂದು ಡ್ರೂಪಲ್‌ನ ಭದ್ರತಾ ತಂಡವೇ ಆಮೇಲೆ ಎಚ್ಚರಿಸಿತು. ಏಳು ಗಂಟೆಯಲ್ಲಿ ತೇಪೆ ಹಾಕಬಲ್ಲ ಸಂಘ ಯಾವುದಿದೆ? ಆದ್ದರಿಂದ ತಾನಾಗಿಯೇ ಅಪ್‌ಡೇಟ್ ಆಗುವ ವ್ಯವಸ್ಥೆ ಇಟ್ಟುಕೊಳ್ಳಬೇಕು, ಪ್ಲಗಿನ್ ಆದಷ್ಟು ಕಡಿಮೆ ಇರಬೇಕು. ಸ್ವಂತ ಕೋಡಿನ ಬಿರುಕು ಹೊರಗಿನವರಿಗೆ ತಿಳಿಯದು ಎಂಬ ಸಮಾಧಾನ ನಿಲ್ಲುವುದಿಲ್ಲ. ಬಿರುಕು ಹುಡುಕುವವರು ಮನುಷ್ಯರಲ್ಲ, ಹಗಲೂ ರಾತ್ರಿ ತಾಣದಿಂದ ತಾಣಕ್ಕೆ ಬಾಗಿಲು ತಟ್ಟುತ್ತ ಹೋಗುವ ಯಂತ್ರಗಳು. ಸ್ವಂತ ಕೋಡ್‌ನಲ್ಲಿ ಬಿರುಕು ಇದೆ ಎಂದು ನಿಮಗೆ ಹೇಳುವವರೇ ಇಲ್ಲ ಎನ್ನುವುದು ಇನ್ನೂ ದೊಡ್ಡ ಅಪಾಯ.

ಆಯಸ್ಸಿನ ಲೆಕ್ಕವೂ ಇದೆ. ಡ್ರೂಪಲ್ 7 ಬಂದದ್ದು 2011ರ ಜನವರಿಯಲ್ಲಿ, ಅದರ ಅಧಿಕೃತ ಬೆಂಬಲ ನಿಂತದ್ದು 2025ರ ಜನವರಿ 5ಕ್ಕೆ. ಮುಂದಿನ ಆವೃತ್ತಿಗೆ ಹೋಗುವುದು ಹೆಚ್ಚುಕಡಿಮೆ ಹೊಸ ತಾಣ ಕಟ್ಟಿದಷ್ಟೇ ಕೆಲಸವಾದ್ದರಿಂದ ಎಷ್ಟೋ ಸಂಸ್ಥೆಗಳು ಅಲ್ಲೇ ಉಳಿದವು. ಸಿಎಂಎಸ್ ಹಿಡಿದರೆ ಶಾಶ್ವತ ಎಂದು ನಂಬುವವರು ಇದನ್ನು ಗಮನಿಸಬೇಕು. ಅಡೋಬಿ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ನಿಂತಾಗ ಅದರಲ್ಲೇ ಅಂದವಾಗಿ ಮಾಡಿದ್ದ ಪುಟಗಳು ತೆರೆಯದಾದವು. ಇವೆಲ್ಲ ಯಾಕೆ, ಫೇಸ್‌ಬುಕ್ ಗುಂಪೇ ಸಾಕು ಎನ್ನುವವರಿಗೆ ಜಿಯೊಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿದ್ದನ್ನು ನೆನಪಿಸಬೇಕಾಗುತ್ತದೆ. ಅಲ್ಲಿ ನಡೆದಿದ್ದ ಕನ್ನಡದ ಎಷ್ಟೋ ಮಾತುಕತೆ ಅವುಗಳೊಂದಿಗೇ ಹೋಯಿತು. ನಡಿಕೇರಿಯಂಡ ಚಿಣ್ಣಪ್ಪ ಕೊಡವ ಹಾಡುಗಳನ್ನು ಹಾಡುಗಾರರಿಂದ ಕೇಳಿ ಬರೆದುಕೊಂಡು 1924ರಲ್ಲಿ ಅಚ್ಚು ಹಾಕಿಸಿದ ‘ಪಟ್ಟೋಲೆ ಪಳಮೆ’ ನೂರು ವರ್ಷ ದಾಟಿಯೂ ಓದಲು ಸಿಗುತ್ತದೆ. ನಮ್ಮ ಮಾಹಿತಿ ಹತ್ತು ವರ್ಷವಾದರೂ ಬಾಳುವ ಹಾಗೆ ಇಡುವುದು ಅಷ್ಟು ದೊಡ್ಡ ಆಸೆ ಅಲ್ಲ.

ನಡುವಿನ ದಾರಿಯೊಂದಿದೆ, ನಮ್ಮಲ್ಲಿ ಅದರ ಮಾತು ಕಡಿಮೆ. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೊ ಥರದ ಸಾಧನಗಳು ಸರಳ ಪಠ್ಯ ಕಡತಗಳಿಂದ ಇಡೀ ತಾಣದ ಪುಟಗಳನ್ನು ಮೊದಲೇ ತಯಾರಿಸಿ ಇಡುತ್ತವೆ. ಸರ್ವರ್‌ನಲ್ಲಿ ದತ್ತಾಂಶ ಸಂಗ್ರಹವೂ ಇಲ್ಲ, ಲಾಗಿನ್ ಕೂಡ ಇಲ್ಲ. ಕನ್ನ ಹಾಕಲು ಹೆಚ್ಚೇನೂ ಸಿಗುವುದಿಲ್ಲ, ಪುಟ ಹಗುರ, ಖರ್ಚು ಅಲ್ಪ. ಬೆಟ್ಟದ ಮೂಲೆಯ ದೇವಸ್ಥಾನ ಸಮಿತಿಗೆ, ವರ್ಷಕ್ಕೆ ನಾಲ್ಕು ಸಲ ಬದಲಾಗುವ ತಾಣಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತಿದ್ದಲು ಒಂದಿಷ್ಟು ತಾಂತ್ರಿಕ ತಿಳಿವು ಬೇಕು. ಪೊನ್ನಂಪೇಟೆ, ಕುಶಾಲನಗರಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಕಲಿಸಿಕೊಡುವವರು ಸಿಗುತ್ತಾರೆ. ಆದರೆ ಸಮಾಜದ ತಾಣವನ್ನೇ ಅಂತಿಮ ವರ್ಷದ ಪ್ರಾಜೆಕ್ಟ್ ಎಂದು ವಿದ್ಯಾರ್ಥಿಗಳಿಗೆ ಒಪ್ಪಿಸುವುದು ಸರಿಯಲ್ಲ. ಅವರು ಜೂನ್‌ನಲ್ಲಿ ಪಾಸಾಗಿ ಬೆಂಗಳೂರಿಗೆ ಹೋಗುತ್ತಾರೆ, ಕೋಡ್ ಇಲ್ಲೇ ಅನಾಥವಾಗುತ್ತದೆ. ಎಐ ಸಾಧನಗಳು ಬಂದ ಮೇಲೆ ಕೋಡ್ ಬರೆಸುವುದು ಬಹಳ ಸುಲಭವಾಗಿದೆ, ಒಂದೆರಡು ದಿನದಲ್ಲಿ ನೋಡಲು ಚೆಂದದ ತಾಣ ನಿಲ್ಲಿಸಬಹುದು. ಬರೆಯುವ ಖರ್ಚು ಇಳಿದಿದೆ ನಿಜ. ಆ ಕೋಡ್ ಯಾಕೆ ಹಾಗಿದೆ ಎಂದು ಯಾರಿಗೂ ಗೊತ್ತಿಲ್ಲದ ಸ್ಥಿತಿ ಮಾತ್ರ ಮೊದಲಿಗಿಂತ ಬೇಗ ಬರುತ್ತದೆ.

ಹಾಗಾಗಿ ನಾನು ಸಂಘಗಳಿಗೆ ಹೇಳುವುದು ಇಷ್ಟು. ಪ್ರಕಟಣೆ, ಫೋಟೊ, ಸಭೆಯ ಸುದ್ದಿ, ಸಂಪರ್ಕ ಇವಕ್ಕೆ ಸಿಎಂಎಸ್ ಅಥವಾ ಮೊದಲೇ ತಯಾರಿಸಿಟ್ಟ ಪುಟಗಳು. ಒಕ್ಕದ ದಾಖಲೆ, ಪಂದ್ಯಾವಳಿ, ಹಾಡು ಮತ್ತು ಪದಗಳ ಸಂಗ್ರಹದಂಥ ನಮ್ಮದೇ ರಚನೆ ಇರುವ ಒಂದು ಭಾಗಕ್ಕೆ ಮಾತ್ರ ಸ್ವಂತ ಕೋಡ್, ಅದೂ ಪ್ರತ್ಯೇಕವಾಗಿ. ಮಡಿಕೇರಿಯಲ್ಲಿರುವ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿಗಳಂಥ ಸಂಸ್ಥೆಗಳು ಅಂಥ ಸಂಗ್ರಹಗಳಿಗೆ ಮನೆಯಾಗಬಲ್ಲವು, ಯಾಕೆಂದರೆ ಒಂದು ಸಮಿತಿಗಿಂತ ಹೆಚ್ಚು ಕಾಲ ಅವು ಇರುತ್ತವೆ. ಯಾವುದನ್ನೇ ಆರಿಸಿದರೂ ಮಾಹಿತಿಯನ್ನೆಲ್ಲ ಸಾದಾ ಕೋಷ್ಟಕವಾಗಿ ಹೊರತೆಗೆಯಲು ಬರಬೇಕು, ಮೂರು ತಿಂಗಳಿಗೊಮ್ಮೆ ತೆಗೆದು ಬೇರೆ ಕಡೆ ಇಡಬೇಕು. ಈ ಒಂದು ಅಭ್ಯಾಸ ಇದ್ದರೆ ಆಯ್ಕೆ ತಪ್ಪಿದರೂ ತಿದ್ದಿಕೊಳ್ಳಬಹುದು.

ವಂಶವೃಕ್ಷ, ಫೋನ್ ನಂಬರು, ವಧೂವರರ ವಿವರ ಇಡುವ ತಾಣಗಳು ಕಾನೂನನ್ನೂ ನೋಡಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅದರ ಪ್ರಕಾರ 18 ತುಂಬದ ಮಕ್ಕಳ ವಿವರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು. ಸಮಾಜದ ಡೈರೆಕ್ಟರಿಯನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕಾಣುವಂತೆ ಏರಿಸುವ ಅಭ್ಯಾಸ ಇಲ್ಲಿಗೆ ನಿಲ್ಲಬೇಕು. ತೀರಿಹೋದ ಹಿರಿಯರ ಹೆಸರು ಎಲ್ಲರಿಗೂ ಕಾಣಲಿ, ಇರುವವರ ವಿವರ ಲಾಗಿನ್ ಆದವರಿಗೆ ಮಾತ್ರ.

ಇನ್ನು ಒಡೆತನ. ಹಣ ಕೊಟ್ಟು ಬರೆಸಿದ ಕೋಡ್ ನಮ್ಮದೇ ಎಂದು ಸಂಘಗಳು ನಂಬಿರುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಹೊರಗಿನ ಗುತ್ತಿಗೆದಾರರು ಬರೆದ ತಂತ್ರಾಂಶದ ಹಕ್ಕು ಬರವಣಿಗೆಯಲ್ಲಿ, ಸಹಿಯೊಂದಿಗೆ ವರ್ಗಾವಣೆ ಆಗದ ಹೊರತು ಬರೆದವರಲ್ಲೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ಕೊನೆಯ ಕಂತು ಕೊಡುವ ಮೊದಲು ಆ ಪತ್ರಕ್ಕೆ ಸಹಿ ಆಗಿರಬೇಕು, ಇಲ್ಲವೇ ಕೋಡನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿಸಿಕೊಂಡಿರಬೇಕು. ಜಾಲತಾಣದ ವಿಳಾಸದ್ದೂ ಇದೇ ಕಥೆ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಆ ನೋಂದಣಿಯನ್ನು ಒಬ್ಬ ಉತ್ಸಾಹಿ ತನ್ನ ಸ್ವಂತ ಇಮೇಲ್‌ನಲ್ಲಿ ಮಾಡಿರುತ್ತಾರೆ. ಅವರು ಊರು ಬಿಟ್ಟರೆ ನವೀಕರಣದ ನೆನಪೋಲೆ ಯಾರಿಗೂ ತಲುಪುವುದಿಲ್ಲ. ವಿಳಾಸ ಕೈತಪ್ಪಿದ ಮೇಲೆ ಅದನ್ನು ಕೊಳ್ಳುವವರು ಜೂಜಿನ ತಾಣದವರೇ ಆಗಿರಬಹುದು, ಆಗ ಸಮಾಜದ ಹೆಸರಿನ ಕೊಂಡಿ ಒತ್ತಿದವರಿಗೆ ಕಾಣುವುದು ಅದೇ. ನೋಂದಣಿ ಸಂಘದ ಹೆಸರಿನಲ್ಲಿ, ಸಂಘದ ಇಮೇಲ್‌ನಲ್ಲಿ, ಇಬ್ಬರು ಪದಾಧಿಕಾರಿಗಳ ಫೋನ್ ನಂಬರಿನೊಂದಿಗೆ ಇರಲಿ. ನವೀಕರಣದ ದಿನಾಂಕವನ್ನು ಪ್ರತಿ ವರ್ಷದ ಮಹಾಸಭೆಯಲ್ಲಿ ಲೆಕ್ಕಪತ್ರದ ಜೊತೆಗೇ ಓದಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು, ಹೊಸ ಸಮಿತಿ ಕೀಲಿಕೈ ಪಡೆಯುವ ದಿನವೇ ಪಾಸ್‌ವರ್ಡ್ ಬದಲಿಸಬೇಕು.